ಗಾರ್ಡ್ ಬರೆದ ಸೊನ್ನೆ

ರಾಜಸ್ಥಾನದ ಅಲ್ವರ್ ಜಿಲ್ಲೆಯ ಸರಿಸ್ಕಾ ಕಾಡಿನಲ್ಲಿ 2002ರಲ್ಲಿ 27 ಹುಲಿಗಳಿದ್ದವು. ಇದು ಸರ್ಕಾರಿ ಗಣತಿಯ ಲೆಕ್ಕ. ಅದೇ ವರ್ಷ ಅದೇ ಕಾಡಿನಲ್ಲಿ ಗಸ್ತು ತಿರುಗುತ್ತಿದ್ದ ಸಿಬ್ಬಂದಿ ಕಣ್ಣಾರೆ ಕಂಡ ಹುಲಿಗಳ ಸಂಖ್ಯೆ ಸೊನ್ನೆ. ಎರಡೂ ಅಂಕಿಗಳು ಇಲಾಖೆಯ ಕಡತದಲ್ಲೇ ಇದ್ದವು. ಮೇಲಿನವರು ನಂಬಿದ್ದು ಮಾತ್ರ ದೊಡ್ಡ ಅಂಕಿಯನ್ನು.

ಒಂದು ವರ್ಷದ ಎಡವಟ್ಟು ಇದಾಗಿದ್ದರೆ ಬಿಟ್ಟುಬಿಡಬಹುದಿತ್ತು. 1998ರಲ್ಲಿ ಸಿಬ್ಬಂದಿಯ ಕಣ್ಣಿಗೆ 17 ಹುಲಿ ಬಿದ್ದಿದ್ದವು. ಮರುವರ್ಷ 6, ಅದರ ಮರುವರ್ಷ 5, 2001ರಲ್ಲಿ 3, ಆಮೇಲೆ ಸೊನ್ನೆ. 2003ರಲ್ಲಿ ಒಂದು ಕಂಡಿತು, 2004ರಲ್ಲಿ ಮತ್ತೆ ಸೊನ್ನೆ. ಈ ಅವಧಿಯುದ್ದಕ್ಕೂ ಅಧಿಕೃತ ಗಣತಿ 24, 26, 27 ಎನ್ನುತ್ತ ನೆಮ್ಮದಿಯಾಗಿತ್ತು. 2004ರಲ್ಲಷ್ಟೇ ಅದು 17ಕ್ಕೆ ಇಳಿಯಿತು. 2005ರ ಆರಂಭದಲ್ಲಿ ಹುಡುಕಿ ನೋಡಿದರೆ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಕಳ್ಳಬೇಟೆಯವರು ಇಡೀ ಕಾಡನ್ನು ಬರಿದು ಮಾಡಿದ್ದರು. ಪ್ರಧಾನಿ ಮನಮೋಹನ್ ಸಿಂಗ್ ಅವರು ಸುನೀತಾ ನಾರಾಯಣ್ ಅವರ ನೇತೃತ್ವದಲ್ಲಿ ನೇಮಿಸಿದ ಹುಲಿ ಕಾರ್ಯಪಡೆ ಈ ಎರಡು ಸಾಲು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಅಚ್ಚು ಹಾಕಿಸಿತು. ಆ ವರದಿಯಲ್ಲಿ ನೂರಾರು ಪುಟಗಳಿವೆ. ಆ ಒಂದು ಪಟ್ಟಿಯಷ್ಟು ನಾಚಿಕೆ ತರಿಸುವ ಪುಟ ಮತ್ತೊಂದಿಲ್ಲ.

ಆಗಿನ ಗಣತಿ ನಡೆಯುತ್ತಿದ್ದದ್ದು ಹೆಜ್ಜೆ ಗುರುತಿನ ಮೇಲೆ. ದೂಳಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಗಾಜಿಟ್ಟು, ಅದರ ಅಂಚನ್ನು ಬರೆದುಕೊಂಡು, ಕಾಗದಕ್ಕೆ ಇಳಿಸಿ, ಇದು ಇಂಥ ಹುಲಿಯದು ಎಂದು ತೀರ್ಮಾನಿಸುವುದು. ಒಂದೇ ಹುಲಿ ಒಣಮಣ್ಣಿನಲ್ಲಿ ಒಂದು ಥರ, ಹಸಿಮಣ್ಣಿನಲ್ಲಿ ಇನ್ನೊಂದು ಥರ ಹೆಜ್ಜೆ ಮೂಡಿಸುತ್ತದೆ ಎಂಬುದು ಕಾಡಿನಲ್ಲಿ ನಡೆದವರಿಗೆಲ್ಲ ಗೊತ್ತಿತ್ತು. ಆದರೆ ಹೋದ ವರ್ಷಕ್ಕಿಂತ ಹುಲಿ ಕಡಿಮೆಯಾಗಿದೆ ಎಂದು ಬರೆದುಕೊಡುವ ಧೈರ್ಯ ಯಾರಿಗಿದೆ? ಕಡಿಮೆ ಬರೆದವನಿಗೆ ನೋಟಿಸು, ಹೆಚ್ಚು ಬರೆದವನಿಗೆ ಶಹಭಾಸ್. ಹೀಗಿರುವಾಗ ಲೆಕ್ಕ ಎತ್ತ ವಾಲುತ್ತದೆಂದು ಊಹಿಸಲು ಸಂಖ್ಯಾಶಾಸ್ತ್ರ ಬೇಕಿಲ್ಲ. ಕೊನೆಗೆ ಆ ಪದ್ಧತಿಯನ್ನೇ ಕೈಬಿಡಬೇಕಾಯಿತು. ಹೊಸ ವಿಧಾನದಲ್ಲಿ 2006ರಲ್ಲಿ ಅಂದಾಜು ಮಾಡಿದಾಗ ದೇಶದಲ್ಲಿ 1,411 ಹುಲಿಗಳಿವೆ ಎಂದು ಬಂತು. ಅದಕ್ಕೆ ಮುಂಚಿನ ಸರ್ಕಾರಿ ಅಂಕಿ 3,642. ಸರಿಸ್ಕಾಕ್ಕೆ 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿ ತಂದು ಬಿಟ್ಟರು.

ವನ್ಯಜೀವಿಗಳ ನಡುವೆ ಕೆಲಸ ಮಾಡುವವರು ತಮ್ಮ ಅನುಭವ ಹೇಳಿಕೊಳ್ಳುವುದನ್ನು ಸಂಜೆಯ ಹರಟೆ, ರೋಚಕ ಕಥೆ ಎಂದು ಕೇಳಿ ಮರೆಯುವುದು ನಮ್ಮಲ್ಲಿ ರೂಢಿ. ಸರಿಸ್ಕಾದಲ್ಲಿ ಗಸ್ತಿನವನು ಕಂಡದ್ದನ್ನು, ಕಾಣದ್ದನ್ನು ಬರೆದಿಟ್ಟದ್ದೇ ಆ ಕಾಡಿನ ಬಗ್ಗೆ ಉಳಿದಿದ್ದ ನಿಜ. ಈ ಉಪನ್ಯಾಸ ಅಂಥ ನಿಜ ಹೇಳುವವರನ್ನು ಕುರಿತದ್ದು. ಹೇಳಲು ಅವಕಾಶವೇ ಸಿಗದವರನ್ನೂ ಕುರಿತದ್ದು.

ಕಾಡಿನ ಅನುಭವ ಹೇಳುವ ಅಭ್ಯಾಸ ನಮಗೆ ಬಂದದ್ದು ಬೇಟೆಗಾರರಿಂದ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ ಕಥೆಗಳ ಮೊದಲ ಪುಸ್ತಕ ಹೊರತಂದದ್ದು 1954ರಲ್ಲಿ. ಪೂರ್ಣಚಂದ್ರ ತೇಜಸ್ವಿ ಅವನ್ನು ಕನ್ನಡಕ್ಕೆ ತಂದು ಒಂದು ತಲೆಮಾರಿಗೇ ಕಾಡಿನ ಗೀಳು ಹಿಡಿಸಿದರು. ಅದರ ಋಣ ದೊಡ್ಡದು. ಆದರೆ ಬೇಟೆಯ ಕಥೆಯಲ್ಲಿ ಹೇಳುವವನೇ ನಾಯಕ, ಪ್ರಾಣಿ ಅವನ ಎದುರಾಳಿ. ಬಂದೂಕು ಹೋಗಿ ಕ್ಯಾಮೆರಾ ಬಂದ ಮೇಲೂ ಈ ಚಾಳಿ ಪೂರ್ತಿ ಬಿಟ್ಟಿಲ್ಲ. ಆನೆ ಅಟ್ಟಿಸಿಕೊಂಡು ಬಂತು, ಕೂದಲೆಳೆಯಲ್ಲಿ ಪಾರಾದೆ ಎಂಬ ಕಥೆಗೆ ಇವತ್ತಿಗೂ ಕೇಳುಗರು ಹೆಚ್ಚು. ಆನೆ ಯಾಕೆ ಅಲ್ಲಿತ್ತು, ಅದರ ಹಾದಿಯಲ್ಲಿ ಯಾರು ಬೇಲಿ ಹಾಕಿದ್ದರು ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಸಭೆ ಎದ್ದು ಹೋಗಿರುತ್ತದೆ.

ಈ ಜಾಡಿನಿಂದ ಬೇರೆಯಾಗಿ ನಡೆದವರು ಕರ್ನಾಟಕದಲ್ಲಿದ್ದಾರೆ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ಹುಲಿಯ ಬೆನ್ನು ಹತ್ತಿದ ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮೆರಾ ಕಟ್ಟಿದರು. ದಾರಿಯ ಎರಡೂ ಬದಿಗೆ ಒಂದೊಂದು, ಸುಮಾರು ಮೊಣಕಾಲೆತ್ತರಕ್ಕೆ. ಎರಡು ಯಾಕೆಂದರೆ ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೋಲಿಕೆಯಿಲ್ಲ. ಎರಡೂ ಒಟ್ಟಿಗೆ ಸಿಕ್ಕರೇ ಆ ಹುಲಿಯ ಗುರುತು ಪಕ್ಕಾ. ಪಟ್ಟೆ ಹುಲಿಯಿಂದ ಹುಲಿಗೆ ಬೇರೆ, ಬದುಕಿರುವವರೆಗೆ ಬದಲಾಗುವುದಿಲ್ಲ. ಹಾಗಾಗಿ ಒಮ್ಮೆ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಗುತ್ತವೆ ಎಂಬುದರಿಂದ ಸಿಗದೆ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡಬಹುದು. ಮುಂದೆ ಈ ಪಟ್ಟೆಗಳನ್ನು ಕಂಪ್ಯೂಟರಿನಲ್ಲಿ ಹೋಲಿಸುವ ತಂತ್ರಾಂಶ ಬಂತು. ವಶಪಡಿಸಿಕೊಂಡ ಚರ್ಮವನ್ನೂ ಹಳೆಯ ಫೋಟೊ ಜೊತೆ ತಾಳೆ ನೋಡಿ, ಸತ್ತದ್ದು ಯಾವ ಕಾಡಿನ ಯಾವ ಹುಲಿ ಎಂದು ಹೇಳುವುದು ಸಾಧ್ಯವಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಅಂದಾಜಿನಲ್ಲೂ ಕ್ಯಾಮೆರಾವೇ ಆಧಾರ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ.

ಆದರೆ ನಾಗರಹೊಳೆಯಲ್ಲಿ ಫೋಟೊ ತೆಗೆಯುವಷ್ಟು ಹುಲಿ ಉಳಿದಿದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗುವುದು ಇನ್ನೊಬ್ಬರ ಅನುಭವದಲ್ಲಿ. ದಕ್ಷಿಣ ಕೊಡಗಿನ ಕೆ.ಎಂ. ಚಿಣ್ಣಪ್ಪ 1967ರಲ್ಲಿ ಅರಣ್ಯ ಇಲಾಖೆ ಸೇರಿ ಕಾಲು ಶತಮಾನ ನಾಗರಹೊಳೆಯನ್ನು ಕಾದವರು. ಅವರು ಹೇಳಿದ ನೆನಪುಗಳನ್ನು ಲೇಖಕ ಟಿ.ಎಸ್. ಗೋಪಾಲ್ ‘ಕಾಡಿನೊಳಗೊಂದು ಜೀವ’ ಎಂಬ ಪುಸ್ತಕವಾಗಿ ಕನ್ನಡಕ್ಕೆ ಕೊಟ್ಟರು. ಅಂದಿನ ನಾಗರಹೊಳೆಯೆಂದರೆ ಮರ ಕಡಿಯುವ ಲಾರಿ, ಹಡ್ಲುಗಳಲ್ಲಿ ಭತ್ತದ ಗದ್ದೆ, ಮನೆಮನೆಯ ಕೋವಿ. ಹಡ್ಲು ಅಂದರೆ ಕಾಡಿನ ನಡುವಿನ ಜೌಗು ಬಯಲು. ಬೇಸಿಗೆಯಲ್ಲೂ ಅಲ್ಲಿ ಹಸಿರು ಹುಲ್ಲಿರುತ್ತದೆ. ಅಲ್ಲಿನ ಸಾಗುವಳಿ ತೆರವಾದ ಮೇಲೆ ಜಿಂಕೆ, ಕಾಟಿಗಳಿಗೆ ಮೇವು ಸಿಕ್ಕಿತು, ಅವುಗಳ ಹಿಂದೆ ಹುಲಿ ಬಂತು. ಕೇಳಲು ಇಷ್ಟೇ. ಇದಕ್ಕೆ ಚಿಣ್ಣಪ್ಪ ತೆತ್ತದ್ದು ಸಣ್ಣ ಬೆಲೆಯಲ್ಲ. ಕೊಲೆ ಆರೋಪ ಹೊತ್ತು ಜೈಲು ಕಂಡು, ಕೊನೆಗೆ ನಿರ್ದೋಷಿಯಾಗಿ ಹೊರಬಂದರು. 1992ರಲ್ಲಿ ನಾಗರಹೊಳೆಗೆ ಬೆಂಕಿ ಬಿದ್ದಾಗ ಅದರ ಹಿಂದೆ ಅವರ ಮೇಲಿನ ಸಿಟ್ಟೂ ಇತ್ತು. ಮರುವರ್ಷ ಕೆಲಸ ಬಿಟ್ಟರು. ಕಾಡು ಬಿಡಲಿಲ್ಲ, 2024ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೆ ಅದರ ಮಾತನ್ನೇ ಆಡಿದರು.

ಚಿಣ್ಣಪ್ಪನವರ ಪುಸ್ತಕ ಓದಿದವರು ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಅದೇ ಕಾಡಿನ ಹಾಡಿಗಳಿಂದ, ಅಂದರೆ ತಮ್ಮ ಬುಡಕಟ್ಟಿನ ಊರುಗಳಿಂದ, ಹೊರಬಿದ್ದ ಜೇನುಕುರುಬರ ನೆನಪುಗಳ ಪುಸ್ತಕ ಎಲ್ಲಿ? ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ಸಂಶೋಧಕರಿಗೆ ತೋರಿಸಿಕೊಟ್ಟವರಲ್ಲಿ, ಸಾಕಾನೆಗಳ ಮಾವುತ, ಕಾವಾಡಿಗಳಲ್ಲಿ, ಬೆಂಕಿ ಕಾವಲಿನವರಲ್ಲಿ ಅನೇಕರು ಅವರೇ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ ಮತ್ತೆ ಗುಡಿಸಲು ಕಟ್ಟಿದಾಗ ಪತ್ರಿಕೆಗಳಲ್ಲಿ ವಾದ ಪ್ರತಿವಾದ ಜೋರಾಗಿಯೇ ನಡೆಯಿತು. ಆ ಕಾಡನ್ನು ಅವರು ಹೇಗೆ ಕಂಡಿದ್ದರು ಎಂಬುದು ಮಾತ್ರ ಆ ಗಲಾಟೆಯಲ್ಲಿ ಎಲ್ಲೋ ಅಡಗಿಹೋಯಿತು. ಸಂರಕ್ಷಣೆಯ ಕಥೆಯನ್ನು ಒಂದೇ ಕಡೆಯಿಂದ ಕೇಳಿದರೆ ಅದು ಅರ್ಧ ಕಥೆ. ಚಿಣ್ಣಪ್ಪನವರ ಮೇಲೆ ಅಪಾರ ಗೌರವ ಇಟ್ಟುಕೊಂಡೇ ಈ ಮಾತನ್ನು ಹೇಳಬಹುದು.

ಕೃಪಾಕರ ಮತ್ತು ಸೇನಾನಿ ಜೋಡಿಯದು ಬೇರೆಯೇ ದಾರಿ. ಇವರಿಬ್ಬರೂ ಬಂಡೀಪುರದ ಕಾಡಂಚಿನಲ್ಲಿ ನೆಲೆಸಿ ವರ್ಷಗಟ್ಟಲೆ ಕೆನ್ನಾಯಿಗಳ ಹಿಂದೆ ಅಲೆದವರು. ಕೆನ್ನಾಯಿಯಷ್ಟು ಕೆಟ್ಟ ಹೆಸರು ಹೊತ್ತ ಪ್ರಾಣಿ ನಮ್ಮ ಕಾಡಿನಲ್ಲಿ ಇನ್ನೊಂದಿರಲಿಲ್ಲ. ಬೇಟೆಯನ್ನು ಕೊಲ್ಲುವ ಮೊದಲೇ ಹರಿದು ತಿನ್ನುವ ಕ್ರೂರಿ ಎಂದು ಬ್ರಿಟಿಷ್ ಬೇಟೆಗಾರರು ಅದನ್ನು ಹೀಗಳೆದರು. ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಈ ಇಬ್ಬರು ಮಾಡಿದ್ದು ಒಂದು ಗುಂಪಿನ ಬೆನ್ನು ಬಿಡದೆ ನೋಡುತ್ತ ಕೂತದ್ದು. ಮರಿಗಳಿಗೆ ಇಡೀ ಗುಂಪೇ ಉಣ್ಣಿಸುವುದು, ಬೇಟೆಗೆ ಹೋದವರು ತಿಂದದ್ದನ್ನು ಗೂಡಿಗೆ ತಂದು ಕಕ್ಕಿ ಕೊಡುವುದು ಅವರ ಚಿತ್ರಗಳಲ್ಲೂ ‘ಕೆನ್ನಾಯಿಯ ಜಾಡಿನಲ್ಲಿ’ ಪುಸ್ತಕದಲ್ಲೂ ಬಂತು. ಅವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎನ್ನಿಸಿಕೊಂಡ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಸಿಕ್ಕಿತು.

ಇದೇ ಇಬ್ಬರು 1997ರ ಅಕ್ಟೋಬರಿನಲ್ಲಿ ವೀರಪ್ಪನ್ ಕೈಗೆ ಸಿಕ್ಕಿಬಿದ್ದು 14 ದಿನ ಅವನ ಜೊತೆ ಕಾಡು ಸುತ್ತಿದರು. ಅದಕ್ಕೆ ಆರು ವರ್ಷ ಮೊದಲು, 1991ರ ನವೆಂಬರಿನಲ್ಲಿ, ಶರಣಾಗತಿಯ ಮಾತು ನಂಬಿ ನಿರಾಯುಧರಾಗಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಇದೇ ವೀರಪ್ಪನ್ ಕೊಂದಿದ್ದ. ಬಿಡುಗಡೆಯಾಗಿ ಬಂದವರು ಆ 14 ದಿನಗಳನ್ನು ಸಾಹಸಗಾಥೆಯಾಗಿ ಮಾಡಿಕೊಳ್ಳಬಹುದಿತ್ತು. ಅವರು ಬರೆದದ್ದು ಹಾಸ್ಯ ಬೆರೆತ ಕಥನ. ಅಪಹರಣಕಾರರ ಮೂಢನಂಬಿಕೆ, ಭಯ, ಅವರಿಗಿದ್ದ ಕಾಡಿನ ಜ್ಞಾನ ಎಲ್ಲ ಅದರಲ್ಲಿವೆ. ತಮ್ಮ ಪ್ರಾಣ ತೂಗುಯ್ಯಾಲೆಯಲ್ಲಿದ್ದಾಗಲೂ ಎದುರಿನವನನ್ನು ಗಮನವಿಟ್ಟು ನೋಡುವ ಗುಣ ಬಹುಶಃ ಕೆನ್ನಾಯಿಗಳನ್ನು ಕಾದು ಕೂತ ಅಭ್ಯಾಸದಿಂದ ಬಂದದ್ದು.

ಚಿರತೆಯ ವಿಷಯಕ್ಕೆ ಬಂದರೆ 2016ರ ಫೆಬ್ರುವರಿ 7 ನೆನಪಾಗುತ್ತದೆ. ಅಂದು ಭಾನುವಾರ. ಬೆಂಗಳೂರಿನ ಕುಂದಲಹಳ್ಳಿ ಕಡೆಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಹಿಡಿಯಲು ಹೋದ ತಂಡದಲ್ಲಿದ್ದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಈಜುಕೊಳದ ಪಕ್ಕದ ಗೇಟು ಹತ್ತುವಾಗ ಅದು ಹಿಡಿದೆಳೆದು ಕಚ್ಚಿತು. ಸಿಸಿಟಿವಿಯ ಆ ಕೆಲವು ಸೆಕೆಂಡುಗಳನ್ನು ಪ್ರಪಂಚವೇ ನೋಡಿತು. ನೋಡಿದವರಿಗೆ ಉಳಿದದ್ದು ಒಂದೇ: ಚಿರತೆ ಮನುಷ್ಯನ ಮೇಲೆ ಬೀಳುತ್ತದೆ. ಗುಬ್ಬಿ ಆಮೇಲೆ ಕನ್ನಡದಲ್ಲಿ ಬರೆದ ‘ಶಾಲೆಗೆ ಬಂದ ಚಿರತೆ’ ಓದಿದವರಿಗೆ ಸಿಗುವುದು ಪೂರ್ತಿ ಬೇರೆ ಚಿತ್ರ. ಅರಿವಳಿಕೆ ಚುಚ್ಚಿದ ಕೂಡಲೇ ಪ್ರಾಣಿ ಮಲಗುವುದಿಲ್ಲ, ಮದ್ದು ತಲೆಗೇರಲು ಹೊತ್ತು ಬೇಕು. ಸುತ್ತ ಕೂಗಾಡುವ ಜನ ಸೇರಿದಷ್ಟೂ ಅದು ಕೆರಳುತ್ತದೆ. ಅಷ್ಟಕ್ಕೂ ಚಿರತೆ ಅಲ್ಲಿಗೆ ದಾರಿ ತಪ್ಪಿ ಬಂದದ್ದೇ ಎಂಬುದೂ ಪ್ರಶ್ನೆ. ಕರ್ನಾಟಕದ ಚಿರತೆಗಳು ರಕ್ಷಿತಾರಣ್ಯದ ಗಡಿ ನೋಡಿ ಬದುಕುವುದಿಲ್ಲ, ಕಲ್ಲುಬಂಡೆಯ ಗುಡ್ಡ, ಜೋಳದ ಹೊಲ, ಕಬ್ಬಿನ ಗದ್ದೆ ಎಲ್ಲವೂ ಅವುಗಳ ಮನೆಯೇ. ಮೈಗೆ ಗಾಯ ಮಾಡಿದ ಪ್ರಾಣಿಯ ಪರವಾಗಿ ಹೀಗೆ ಬಿಡಿಸಿ ಬರೆಯಲು ತಾಳ್ಮೆ ಬೇಕು. ಬೋನಿಟ್ಟು ಹಿಡಿದು ಇನ್ನೆಲ್ಲೋ ಬಿಡಿ ಎಂದು ಶಾಸಕರ ಮನೆ ಮುಂದೆ ಕೂರುವ ಊರಿನವರು ಇದನ್ನು ಓದಿದ್ದಾರೆಯೇ ಎಂಬುದು ಬೇರೆ ಮಾತು.

ಅನುಭವ ಹಂಚಿಕೊಳ್ಳುವುದರಿಂದ ನೇರವಾಗಿ ಜೀವ ಉಳಿದ ಒಂದು ಕಡೆಯೆಂದರೆ ತಮಿಳುನಾಡಿನ ವಾಲ್ಪಾರೈ. ಆನೈಮಲೈ ಹುಲಿ ಮೀಸಲಿನ ಕಾಡು ಸುತ್ತುವರಿದ, ಸುಮಾರು 220 ಚದರ ಕಿಲೋಮೀಟರಿನ ಚಹಾ ತೋಟಗಳ ಪ್ರಸ್ಥಭೂಮಿ ಅದು. ಅಲ್ಲಿ ಆನೆಗಳಿಂದ ಸತ್ತವರ ವಿವರ ಕಲೆಹಾಕಿದ ಎಂ. ಆನಂದಕುಮಾರ್, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು, ಒಂದು ಸರಳ ಸಂಗತಿ ಕಂಡುಕೊಂಡರು: ಸತ್ತವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲಿ ಆನೆಯಿದೆ ಎಂಬುದೇ ಗೊತ್ತಿರಲಿಲ್ಲ. ಸಂಜೆ ಬಸ್ಸಿಳಿದು ಲೈನ್ ಮನೆಗೆ ನಡೆದು ಹೋಗುವವರು, ಸಂತೆಯಿಂದ ವಾಪಸಾಗುವವರು. ಹಾಗಾದರೆ ಆನೆಯನ್ನು ಓಡಿಸುವುದಕ್ಕಿಂತ ಮುಂಚೆ ಸುದ್ದಿ ಮುಟ್ಟಿಸಬೇಕು. ಮೊದಲು ಊರಿನ ಕೇಬಲ್ ಟಿವಿಯಲ್ಲಿ ಧಾರಾವಾಹಿಯ ಕೆಳಗೆ ಇಂದು ಆನೆ ಎಲ್ಲಿದೆ ಎಂಬ ಸಾಲು ಓಡಿತು. ಆಮೇಲೆ ಎಸ್ಸೆಮ್ಮೆಸ್, ತಮಿಳಿನಲ್ಲೇ ಮಾತಾಡುವ ಫೋನ್ ಕರೆ. ತೋಟದ ದಾರಿ ಕೂಡುವ ಕಡೆ ಎತ್ತರದ ಕಂಬದ ಮೇಲೆ ಕೆಂಪು ದೀಪ. ಗೊತ್ತುಮಾಡಿದ ಊರಿನವರೊಬ್ಬರು ತಮ್ಮ ಮೊಬೈಲಿನಿಂದ ಕರೆ ಮಾಡಿದರೆ ದೀಪ ಮಿನುಗುತ್ತದೆ. ದೂರದಿಂದಲೇ ಅದನ್ನು ಕಂಡವನು ಬೇರೆ ದಾರಿ ಹಿಡಿಯುತ್ತಾನೆ. ಸಾವಿನ ಸಂಖ್ಯೆ ಇಳಿಯಿತು. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ಇದೇ ಬಗೆಯ ಎಚ್ಚರಿಕೆಯ ಸಂದೇಶ, ಕರೆಗಳು ಹಾಸನದ ಸಕಲೇಶಪುರ, ಆಲೂರು, ಬೇಲೂರು ಸೀಮೆಯ ಕಾಫಿ ತೋಟಗಳಿಗೆ ಕನ್ನಡದಲ್ಲಿ ಬಂದವು. ಅಲ್ಲಿನ ಸಮಸ್ಯೆ ಹಳೆಯದು. ಹೈಕೋರ್ಟಿನ ಸೂಚನೆಯಂತೆ ಪ್ರೊ. ರಾಮನ್ ಸುಕುಮಾರ್ ನೇತೃತ್ವದಲ್ಲಿ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆ ಬಂದವು. ಈಗ ತೋಟದವರೇ ವಾಟ್ಸಾಪಿನಲ್ಲಿ ಆನೆಗಳ ಜಾಡು ಹಂಚಿಕೊಳ್ಳುತ್ತಾರೆ. ಭೀಮ ಎಂಬ ದಂತದಾನೆ ರಸ್ತೆಗಿಳಿದರೆ ಯಾವ ಊರಿನ ಭೀಮ ಎಂದು ಯಾರೂ ಕೇಳುವುದಿಲ್ಲ.

2023ರ ಡಿಸೆಂಬರ್ 4ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ. ಮೃತದೇಹದ ಮೇಲೆ ಬಿದ್ದು ಅತ್ತ ಮಾವುತನ ವಿಡಿಯೊ ನೋಡಿ ಇಡೀ ರಾಜ್ಯ ಕಣ್ಣೊರೆಸಿಕೊಂಡಿತು. ಅರ್ಜುನನ ಹೆಸರಿನಲ್ಲಿ ಪದ್ಯ ಬಂದವು, ಸ್ಮಾರಕದ ಬೇಡಿಕೆ ಬಂತು. ಮದವೇರಿದ ಸಲಗದ ಎದುರು ಸಾಕಾನೆಯನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಹಿಂದಕ್ಕೆ ಕರೆಯಬೇಕು ಎಂಬುದನ್ನು ಬಲ್ಲ ಮಾವುತರನ್ನು ಕೂರಿಸಿಕೊಂಡು ಸಾವಧಾನವಾಗಿ ಕೇಳುವ ಕೆಲಸಕ್ಕೆ ಅಷ್ಟು ಉತ್ಸಾಹ ಕಾಣಲಿಲ್ಲ.

ಹೇಳುವುದರಲ್ಲಿ ಅಪಾಯವೂ ಇದೆ. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕೊರಳಪಟ್ಟಿಯಿಂದ ಬರುತ್ತಿದ್ದ ಜಿಪಿಎಸ್ ಮಾಹಿತಿಯ ಇಮೇಲ್ ಖಾತೆಗೆ ಯಾರೋ ನುಸುಳಲು ಯತ್ನಿಸಿದ ಸುದ್ದಿ ಬಂದಾಗ ವಿಜ್ಞಾನಿಗಳೇ ಬೆಚ್ಚಿದರು. ಅಷ್ಟು ದೂರ ಹೋಗುವುದೂ ಬೇಡ. ಸಫಾರಿಯಲ್ಲಿ ತೆಗೆದ ಚಿತ್ರದ ಜೊತೆ ಇಂಥ ಕೆರೆ, ಇಷ್ಟು ಗಂಟೆ ಎಂದು ಬರೆದು ಹಾಕುವವರು ಕಳ್ಳಬೇಟೆಯವನಿಗೆ ಪುಕ್ಕಟೆ ಮಾಹಿತಿದಾರರು. ಎಲ್ಲೋ ತೆಗೆದ ಚಿರತೆಯ ವಿಡಿಯೊವನ್ನು ನಮ್ಮ ಬಡಾವಣೆಯದೆಂದು ಹಂಚುವವರಿಂದ ಇನ್ನೊಂದು ಕಾಟ. ರಾತ್ರಿಯಿಡೀ ಟಾರ್ಚು ಹಿಡಿದು ಅಲೆಯಬೇಕಾದವನು ಅದೇ ಗಾರ್ಡು. ಗೂಡಿನ ಹಕ್ಕಿಯ ಫೋಟೊಕ್ಕಾಗಿ ಕೊಂಬೆ ಸವರುವವರ ಬಗ್ಗೆ ಹೇಳದಿರುವುದೇ ಲೇಸು.

ಕಾಡಿನ ಒಳಗಿನ ಕಳ್ಳಬೇಟೆ ತಡೆ ಶಿಬಿರಗಳನ್ನು ಕಂಡವರು ಕಡಿಮೆ. ಆನೆ ಬಾರದಂತೆ ಸುತ್ತ ಕಂದಕ ತೋಡಿದ ಒಂದು ಕೋಣೆ, ಸೌದೆ ಒಲೆ, ಸೋಲಾರ್ ದೀಪ, ವಾಕಿಟಾಕಿ. ಅಲ್ಲಿ ಇರುವವರಲ್ಲಿ ಬಹಳ ಮಂದಿ ದಿನಗೂಲಿ ಅಥವಾ ಗುತ್ತಿಗೆಯ ವಾಚರ್‌ಗಳು. ಹುಲಿ ಅಂದಾಜಿನ ವರ್ಷ ಬಂದರೆ ಬೀಟಿನಲ್ಲಿ ದಿನಕ್ಕೆ ಕನಿಷ್ಠ 5 ಕಿಲೋಮೀಟರಿನಂತೆ ಮೂರು ದಿನ ನಡೆದು ಹೆಜ್ಜೆ, ಲದ್ದಿ, ಪರಚಿದ ಗುರುತು ದಾಖಲಿಸಬೇಕು, ಆಮೇಲೆ ನೇರ ಗೆರೆಯಲ್ಲಿ ನಡೆದು ಜಿಂಕೆ, ಕಡವೆ ಎಣಿಸಬೇಕು. ಹಿಂದೆ ಇದೆಲ್ಲ ಕಾಗದದಲ್ಲಿತ್ತು, ಈಗ ಎಂ-ಸ್ಟ್ರೈಪ್ಸ್ ಎಂಬ ಮೊಬೈಲ್ ಆ್ಯಪಿನಲ್ಲಿ. ಆ್ಯಪ್ ನಡೆದ ದಾರಿಯನ್ನು ಬರೆದುಕೊಳ್ಳುತ್ತದೆ. ಈ ವರ್ಷ ಈ ಹಳ್ಳದಲ್ಲಿ ಯಾಕೆ ಕಡವೆಯ ಸದ್ದೇ ಇಲ್ಲ ಎಂಬ ನಡೆದವನ ಅನುಮಾನಕ್ಕೆ ಅದರಲ್ಲಿ ಜಾಗ ಕಡಿಮೆ.

2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಅದರಲ್ಲೇ ಸುಟ್ಟು ಸತ್ತರು. 2018ರ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಕಾಡು ಪರಿಶೀಲನೆಗೆ ನಡೆದು ಹೋದಾಗ ಆನೆ ತುಳಿದು ಕೊಂದಿತು. ಸೆಪ್ಟೆಂಬರ್ 11ರ ಅರಣ್ಯ ಹುತಾತ್ಮರ ದಿನ ಇಂಥವರ ಹೆಸರು ಓದುತ್ತಾರೆ, ಹೂವಿಡುತ್ತಾರೆ. ಸತ್ತವರ ಹೆಸರು ಕಲ್ಲಿನ ಮೇಲಿದೆ. ಬದುಕಿರುವವರು ಕಂಡದ್ದು ಬೀಟ್ ಡೈರಿಗಳಲ್ಲಿದೆ, ರೇಂಜ್ ಆಫೀಸಿನ ಬೀರುವಿನಲ್ಲಿ ಗೆದ್ದಲಿನ ಪಾಲಾಗುತ್ತಿದೆ.

ಆದ್ದರಿಂದ ಈ ವೇದಿಕೆಯಿಂದ ಅರಣ್ಯ ಇಲಾಖೆಗೆ ಒಂದು ಕೋರಿಕೆ. ಹತ್ತು ವರ್ಷ ಹಳೆಯದಾದ ಬೀಟ್ ಡೈರಿಗಳನ್ನು ಓದುಗರಿಗೆ ಬಿಟ್ಟುಕೊಡಿ. ಹತ್ತು ವರ್ಷದ ಹಿಂದೆ ಹುಲಿ ಎಲ್ಲಿ ಮಲಗಿತ್ತು ಎಂಬುದರಿಂದ ಇವತ್ತಿನ ಕಳ್ಳಬೇಟೆಯವನಿಗೆ ಉಪಯೋಗವಿಲ್ಲ. ಹಳ್ಳ ಯಾವ ತಿಂಗಳು ಬತ್ತಿತು, ಲಾಂಟಾನ ಯಾವ ಹಡ್ಲಿಗೆ ಯಾವ ವರ್ಷ ನುಗ್ಗಿತು ಎಂಬುದರಿಂದ ಕಾಡಿಗೆ ಉಪಯೋಗವಿದೆ. ಕನ್ನಡದ ಪ್ರಕಾಶಕರು, ಅಕಾಡೆಮಿಗಳು ಮಾವುತ, ವಾಚರ್, ಹಾಡಿಯ ಹಿರಿಯರ ಬಾಯಿಮಾತನ್ನು ಬರೆಸಿಕೊಳ್ಳುವ ಕೆಲಸ ಹಚ್ಚಿಕೊಳ್ಳಲಿ. ಚಿಣ್ಣಪ್ಪನವರಿಗೆ ಒಬ್ಬ ಗೋಪಾಲ್ ಸಿಕ್ಕರು, ಉಳಿದವರಿಗೂ ಸಿಗಬೇಕು. ಇಲ್ಲಿ ಕೂತವರ ಊರಿನಲ್ಲಿ, ಗುಂಡ್ಲುಪೇಟೆಯಲ್ಲೋ ಹೆಗ್ಗಡದೇವನಕೋಟೆಯಲ್ಲೋ ದಾಂಡೇಲಿಯಲ್ಲೋ, ಕೆಲಸ ಬಿಟ್ಟು ಮನೆಯಲ್ಲಿರುವ ಹಳೆಯ ವಾಚರ್ ಒಬ್ಬರು ಇದ್ದೇ ಇರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅವರ ಮನೆ ಜಗಲಿಯಲ್ಲಿ ಒಂದು ಸಂಜೆ ಕೂತು, ಫೋನಿನ ರೆಕಾರ್ಡರ್ ಒತ್ತಿ, ಅವರು ಮಾತಾಡುವಷ್ಟು ಹೊತ್ತು ಸುಮ್ಮನೆ ಕೇಳಿ.